ಜೋನ್ ಅರ್ಡ್ಲಿಯ ಕಡಲು: ಬಣ್ಣದೊಳಗೆ ಮರಳು ಏಕೆ ಬೇಕಾಯಿತು?

ಬಡಗಣಕಡಲು

ಎಲ್ಲರಿಗೂ ನಮಸ್ಕಾರ. ಮಿಶ್ರ ಮಾಧ್ಯಮದ ಬಗ್ಗೆ ಇಲ್ಲಿ ಈಚೆಗೆ ನಡೆದ ಚರ್ಚೆಯಲ್ಲಿ ಒಂದು ಅಭಿಪ್ರಾಯ ಮತ್ತೆ ಮತ್ತೆ ಬಂದಿತ್ತು. ಕ್ಯಾನ್ವಾಸಿನ ಮೇಲೆ ಮರಳು, ಚಿಪ್ಪು, ಒಣಹುಲ್ಲು ಅಂಟಿಸಿ ಅದಕ್ಕೆ ಸಾಗರದ ಹೆಸರಿಡುವ ಅಮೂರ್ತ ಚಿತ್ರಗಳೆಲ್ಲ ಹೋಟೆಲ್ ಗೋಡೆಯ ಅಲಂಕಾರಕ್ಕೆ ಮಾತ್ರ ಯೋಗ್ಯ ಎಂಬುದು ಅದರ ಸಾರ. ಬಹುಪಾಲು ಚಿತ್ರಗಳ ವಿಷಯದಲ್ಲಿ ನಾನೂ ಅದನ್ನು ಒಪ್ಪುತ್ತೇನೆ. ಆದರೆ ಉದ್ಯೋಗದ ಕಾರಣ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ನೆಲೆಸಿರುವ ನನಗೆ ಇಲ್ಲಿಗೆ ಸಮೀಪದಲ್ಲೇ ಕೆಲಸ ಮಾಡಿದ ಒಬ್ಬ ಕಲಾವಿದೆಯ ಚಿತ್ರಗಳು ಆ ಅಭಿಪ್ರಾಯಕ್ಕೆ ಗಟ್ಟಿಯಾದ ಉತ್ತರವೆಂದು ತೋರುತ್ತವೆ.

ಜೋನ್ ಅರ್ಡ್ಲಿ ಅವರು 1921ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದ ಹೊತ್ತಿಗೆ ಗ್ಲಾಸ್ಗೋಗೆ ಬಂದು, ಅಲ್ಲಿನ ಕಲಾಶಾಲೆಯಲ್ಲಿ ಕಲಿತವರು. ಐವತ್ತರ ದಶಕದ ಆರಂಭದಿಂದ ಅವರ ಬದುಕು ಎರಡು ಕಡೆ ಹಂಚಿಹೋಗಿತ್ತು. ಒಂದು, ಗ್ಲಾಸ್ಗೋದ ಟೌನ್‌ಹೆಡ್ ಎಂಬ ಬಡಜನರ ಕೇರಿ. ಇನ್ನೊಂದು, ಅಬರ್ಡೀನ್‌ನ ದಕ್ಷಿಣಕ್ಕೆ ಸ್ಟೋನ್‌ಹೇವನ್ ದಾಟಿದ ಮೇಲೆ ಸಿಗುವ ಕ್ಯಾಟರ್‌ಲೈನ್ ಎಂಬ ಸಣ್ಣ ಮೀನುಗಾರರ ಹಳ್ಳಿ. ಈ ಹಳ್ಳಿಯಲ್ಲಿ ಅವರು ಬಿರುಗಾಳಿಯ ದಿನಗಳಲ್ಲೇ ದಂಡೆಗಿಳಿದು, ಹಲಗೆ ನಿಲ್ಲಿಸುವ ಈಸಲನ್ನು ಹಗ್ಗ, ಕಲ್ಲುಗಳಿಂದ ಬಿಗಿದು, ದೊಡ್ಡ ಹಾರ್ಡ್‌ಬೋರ್ಡ್ ಹಲಗೆಗಳ ಮೇಲೆ ಕಡಲನ್ನು ಬರೆದರು. 1963ರ ಆಗಸ್ಟ್‌ನಲ್ಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 42 ವರ್ಷ.

ಅವರ ಕೆಲವು ಹಲಗೆಗಳಲ್ಲಿ ಎಣ್ಣೆಬಣ್ಣದೊಳಗೆ ದಂಡೆಯ ಗರಸುಮರಳು ಇದೆ, ಹೊಲದ ಹುಲ್ಲುಕಡ್ಡಿಗಳಿವೆ, ತೆನೆಗಳಿವೆ. ನನ್ನ ಪ್ರಶ್ನೆ ಇಷ್ಟೇ: ಆ ವಸ್ತುಗಳು ಅಲ್ಲಿ ಇಲ್ಲದಿದ್ದರೆ ಚಿತ್ರ ಏನನ್ನಾದರೂ ಕಳೆದುಕೊಳ್ಳುತ್ತಿತ್ತೇ? ಕಳೆದುಕೊಳ್ಳುತ್ತಿತ್ತು ಎಂಬುದು ನನ್ನ ಅನಿಸಿಕೆ. ಕಲೆಯನ್ನು ಶಾಸ್ತ್ರೀಯವಾಗಿ ಓದಿದವರು ಏನೆನ್ನುತ್ತೀರಿ?

ಗೆರೆಬಣ್ಣ

ಅರ್ಡ್ಲಿ ಅವರನ್ನು ಚರ್ಚೆಗೆ ತಂದದ್ದಕ್ಕೆ ವಂದನೆಗಳು. ಕಲಾ ಇತಿಹಾಸ ಕಲಿಸುವವಳಾಗಿ ಮೊದಲೇ ಒಂದು ತಕರಾರನ್ನು ದಾಖಲಿಸಬೇಕು. ಅವರನ್ನು ಅಮೂರ್ತ ಕಲಾವಿದೆ ಎನ್ನುವುದು ಪೂರ್ತಿ ಸರಿಯಲ್ಲ. ಅವರ ಕಡಲಿನ ಚಿತ್ರಗಳಲ್ಲಿ ದಿಗಂತ ಎಲ್ಲಿದೆ, ಅಲೆ ಎಲ್ಲಿ ಮುರಿಯುತ್ತಿದೆ, ದಂಡೆ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ನೋಡುಗರು ಸ್ವಲ್ಪ ಹೊತ್ತಿನಲ್ಲೇ ಗುರುತಿಸಬಲ್ಲರು. ಬ್ರಿಟನ್ನಿನ ಟೇಟ್ ಗ್ಯಾಲರಿಯ ಸಂಗ್ರಹದಲ್ಲಿರುವ, 1961-62ರ ಸುಮಾರಿನ 'ಸಾಲ್ಮನ್ ನೆಟ್ ಪೋಸ್ಟ್ಸ್' ಚಿತ್ರದಲ್ಲಿ ಸಾಲ್ಮನ್ ಮೀನಿನ ಬಲೆ ಕಟ್ಟುವ ಕಂಬಗಳೇ ವಸ್ತು. ಅದನ್ನು ಅಮೂರ್ತವೆಂದರೆ ಕಂಬಗಳು ಬೇಸರಪಟ್ಟುಕೊಂಡಾವು.

ಹಾಗೆಂದು ಅವರು ಅಮೂರ್ತ ಕಲೆಯಿಂದ ದೂರ ನಿಂತವರೂ ಅಲ್ಲ. 1956ರಲ್ಲಿ ಲಂಡನ್ನಿನ ಟೇಟ್ ಗ್ಯಾಲರಿಯಲ್ಲಿ ಆಧುನಿಕ ಅಮೆರಿಕನ್ ಕಲೆಯ ದೊಡ್ಡ ಪ್ರದರ್ಶನ ನಡೆಯಿತು. ಬಣ್ಣವನ್ನು ಎರಚುವ, ಸುರಿಯುವ, ಇಡೀ ತೋಳನ್ನು ಬೀಸಿ ಎಳೆಯುವ ಅಲ್ಲಿನ ಹೊಸ ಚಿತ್ರಕಾರರ ಪರಿಚಯ ಬ್ರಿಟನ್ನಿನ ಬಹಳ ಮಂದಿಗೆ ಆದದ್ದು ಆಗಲೇ. ಆ ಕಾಲದ ಯಾವ ಎಚ್ಚೆತ್ತ ಕಲಾವಿದರೂ ಅದರ ಸುದ್ದಿ ತಟ್ಟದೆ ಉಳಿಯಲಿಲ್ಲ. ಅರ್ಡ್ಲಿ ಅವರ 1960ರ ಆಚೀಚಿನ ಹಲಗೆಗಳಲ್ಲಿ ಕುಂಚ ಓಡಿರುವ ರೀತಿ, ಬಣ್ಣ ಸೋರಿ ಇಳಿದ ಕಡೆ ಅದನ್ನು ಹಾಗೆಯೇ ಬಿಟ್ಟಿರುವ ಧೈರ್ಯ, ಇವು ಆ ಗಾಳಿಯನ್ನು ಉಸಿರಾಡಿದವರ ಕೆಲಸ.

ಆದ್ದರಿಂದ ಅವರು ಅಮೂರ್ತರೋ ಅಲ್ಲವೋ ಎಂಬ ವಾದಕ್ಕಿಂತ, ಎಷ್ಟರಮಟ್ಟಿಗೆ ಮತ್ತು ಯಾವ ಕಾರಣಕ್ಕೆ ಆಕಾರವನ್ನು ಬಿಟ್ಟುಕೊಟ್ಟರು ಎಂದು ಕೇಳುವುದು ಒಳ್ಳೆಯದು. ಮರಳಿನ ಪ್ರಶ್ನೆಯೂ ಅದರೊಳಗೇ ಬರುತ್ತದೆ.

ಮಲ್ಪೆಯ ಕುಂಚ

ನಾನು ಕಲಾ ಇತಿಹಾಸ ಓದಿದವಳಲ್ಲ, ಕರಾವಳಿಯಲ್ಲಿ ಚಿತ್ರ ಬರೆಯುವವಳು. ಹಾಗಾಗಿ ಗೆರೆಬಣ್ಣ ಮೇಡಂ ಎತ್ತಿದ "ಯಾವ ಕಾರಣಕ್ಕೆ" ಎಂಬ ಪ್ರಶ್ನೆಗೆ ಕೈಕೆಲಸದ ಕಡೆಯಿಂದ ಉತ್ತರಿಸುತ್ತೇನೆ.

ಜೂನ್ ತಿಂಗಳ ಕಡಲಿನ ಮುಂದೆ ಹಲಗೆ ಹಿಡಿದು ನಿಂತವರಿಗೆ ಆಕಾರವನ್ನು ಬಿಟ್ಟುಕೊಡುವುದು ಒಂದು ಸಿದ್ಧಾಂತವಾಗಿ ಕಾಣುವುದಿಲ್ಲ. ನಾವು ಒಂದು ಅಲೆಯನ್ನು ನೋಡಿ ತಲೆ ತಗ್ಗಿಸಿ ಕುಂಚಕ್ಕೆ ಬಣ್ಣ ತೆಗೆದುಕೊಳ್ಳುವಷ್ಟರಲ್ಲಿ ಆ ಅಲೆ ಇರುವುದಿಲ್ಲ, ಅದರ ಹಿಂದಿನದೂ ಮುರಿದುಬಿದ್ದಿರುತ್ತದೆ. ಹೀಗಾಗಿ ನಾವು ಬರೆಯುವುದು ಯಾವುದೇ ಒಂದು ಅಲೆಯನ್ನಲ್ಲ, ಹತ್ತಾರು ಅಲೆಗಳು ಸೇರಿ ಮನಸ್ಸಿನಲ್ಲಿ ಉಳಿಸಿದ ಭಾರವನ್ನು, ಇಳಿಜಾರನ್ನು, ನೊರೆ ಹಿಂದಕ್ಕೆ ಎಳೆಯಲ್ಪಡುವ ದಿಕ್ಕನ್ನು. ಅವಸರವೇ ಆಕಾರವನ್ನು ಕಳಚುತ್ತದೆ. ಸ್ಟುಡಿಯೋದಲ್ಲಿ ಕುಳಿತು ಫೋಟೋ ನೋಡಿ ಬರೆದರೆ ಅಲೆ ಕಲ್ಲಿನಂತೆ ಗಟ್ಟಿಯಾಗಿ ನಿಲ್ಲುವುದು ಇದೇ ಕಾರಣಕ್ಕೆ.

ಇನ್ನು ಮರಳು. ಗಾಳಿ ಜೋರಾಗಿರುವ ದಿನ ಹಸಿ ಎಣ್ಣೆಬಣ್ಣದ ಹಲಗೆಯನ್ನು ದಂಡೆಯಲ್ಲಿ ನಿಲ್ಲಿಸಿದರೆ ಮರಳು ತಾನಾಗಿಯೇ ಬಂದು ಹತ್ತುತ್ತದೆ, ತಡೆಯಲು ಹೋದರೂ ಸಾಧ್ಯವಿಲ್ಲ. ಮೊದಲು ಅದು ತೊಂದರೆ ಎನಿಸಿ, ಪ್ಯಾಲೆಟ್ ನೈಫಿನಿಂದ ಕೆರೆದು ತೆಗೆಯುತ್ತೇವೆ. ಆಮೇಲೆ ಮರಳು ಸೇರಿದ ಜಾಗದಲ್ಲಿ ಬಣ್ಣ ಹೊಳಪು ಕಳೆದುಕೊಂಡು ಒರಟಾಗಿ ನಿಂತಿರುವುದು, ಪಕ್ಕದ ನೊರೆ ಅದರಿಂದಾಗಿಯೇ ಹೆಚ್ಚು ಒದ್ದೆಯಾಗಿ ಕಾಣುವುದು ಗಮನಕ್ಕೆ ಬರುತ್ತದೆ. ಅರ್ಡ್ಲಿ ಅವರಿಗೂ ಮೊದಲು ಹೀಗೇ ಆಗಿರಬಹುದು ಎಂಬುದು ನನ್ನ ಊಹೆ. ಬಡಗಣಕಡಲು ಅವರೇ, ನೀವು ಮೂಲ ಚಿತ್ರಗಳನ್ನು ನೋಡಿದ್ದೀರಲ್ಲ, ಮರಳು ಬಣ್ಣದ ಒಳಗೆ ಕಲಸಿದಂತಿದೆಯೋ, ಮೇಲೆ ಉದುರಿಸಿದಂತಿದೆಯೋ?

ಬಡಗಣಕಡಲು

ಮಲ್ಪೆಯವರ ಪ್ರಶ್ನೆಗೆ ನಾನು ಕಂಡಷ್ಟನ್ನು ಹೇಳುತ್ತೇನೆ. ಎಡಿನ್‌ಬರ್ಗ್‌ನ ರಾಷ್ಟ್ರೀಯ ಸಂಗ್ರಹದಲ್ಲಿರುವ 'ದಿ ವೇವ್' 1961ರ ಕೃತಿ. ಸುಮಾರು ನಾಲ್ಕು ಅಡಿ ಎತ್ತರ, ಆರಡಿ ಅಗಲದ ಹಾರ್ಡ್‌ಬೋರ್ಡ್. ಮಾಧ್ಯಮದ ವಿವರದಲ್ಲೇ ಎಣ್ಣೆಬಣ್ಣದ ಜೊತೆಗೆ ಗರಸು ಎಂಬುದು ಸೇರಿದೆ. ದೂರದಿಂದ ಅದು ಬರೀ ಅಲೆ. ಹತ್ತಿರ ಹೋಗಿ ಪಕ್ಕದಿಂದ ಓರೆಯಾಗಿ ನೋಡಿದರೆ ಮೇಲ್ಮೈ ಒಂದೇ ಸಮ ಇಲ್ಲ ಎಂಬುದು ಗೊತ್ತಾಗುತ್ತದೆ. ಕೆಲವೆಡೆ ಬಣ್ಣ ತೆಳ್ಳಗೆ ಸೋರಿಹೋಗಿದೆ, ಕೆಲವೆಡೆ ಸುಣ್ಣದ ಗಾರೆ ಮೆತ್ತಿದಂತೆ ದಪ್ಪನಾಗಿ ನಿಂತಿದೆ. ಒರಟು ಇರುವಲ್ಲಿ ಗರಸು ಬಣ್ಣದೊಳಗೆ ಹುದುಗಿದೆಯೇ ಹೊರತು ಮೇಲೆ ಚಿಮುಕಿಸಿದಂತೆ ಮಿನುಗುವುದಿಲ್ಲ. ಬಣ್ಣ ಬಳಿಯುವಾಗಲೇ ಅದು ಜೊತೆಗಿತ್ತು ಎಂದೇ ನನ್ನ ಕಣ್ಣಿಗೆ ಕಂಡಿತು.

1960ರ 'ಸೀಡೆಡ್ ಗ್ರಾಸಸ್ ಅಂಡ್ ಡೈಸೀಸ್, ಸೆಪ್ಟೆಂಬರ್' ಇನ್ನೂ ಸ್ಪಷ್ಟವಾದ ನಿದರ್ಶನ. ಹೆಸರಿನಲ್ಲೇ ತಿಂಗಳಿದೆ ಎಂಬುದನ್ನು ಗಮನಿಸಿ. ಬೀಜ ಕಟ್ಟಿದ ನಿಜವಾದ ಹುಲ್ಲಿನ ಕಡ್ಡಿಗಳು ಬಣ್ಣದಲ್ಲಿ ಸಿಕ್ಕಿಕೊಂಡಿವೆ. ಕೆಲವು ಕಡ್ಡಿಗಳ ಮೇಲೆ ಬಣ್ಣ ಹರಿದು ಅವು ಕುಂಚದ ಗೆರೆಗಳೊಂದಿಗೆ ಬೆರೆತುಹೋಗಿರುವುದರಿಂದ ಯಾವುದು ಬರೆದ ಕಡ್ಡಿ, ಯಾವುದು ಹೊಲದಿಂದ ಬಂದ ಕಡ್ಡಿ ಎಂದು ಹೇಳಲು ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ.

ಇನ್ನು ಹಳ್ಳಿಯ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಚಿತ್ರಗಳ ಬಣ್ಣ ಅರ್ಥವಾಗುವುದಿಲ್ಲ. ಕ್ಯಾಟರ್‌ಲೈನ್ ಎಂದರೆ ಕಡಿದಾದ ದಿಬ್ಬದ ಅಂಚಿನಲ್ಲಿ ತಗ್ಗಾದ ಮನೆಗಳ ಸಾಲು, ಕೆಳಗೆ ಪುಟ್ಟ ಬಂದರುಕಟ್ಟೆ, ಉರುಟು ಕಲ್ಲುಗಳ ದಂಡೆ. ಇಲ್ಲಿನ ಬಂಡೆಗಳು ಹಳೆಯ ಕೆಂಪು ಮರಳುಗಲ್ಲಿನ ಕಾಲದವು, ದುಂಡುಕಲ್ಲುಗಳು ಸೇರಿ ಗಟ್ಟಿಯಾದ ಕಂದು-ಕೆಂಪು ಬಂಡೆ. ಬಿರುಗಾಳಿಯ ದಿನ ದಂಡೆಗೆ ಸಮೀಪದ ನೀರು ನೀಲಿಯಾಗಿರುವುದಿಲ್ಲ, ಕಂದು, ಬೂದು, ಕೊಳಕು ಬಿಳಿ. ಅರ್ಡ್ಲಿ ಅವರ ಕಡಲಿನಲ್ಲಿ ನೀಲಿ ಏಕೆ ಅಷ್ಟು ಕಡಿಮೆ ಎಂದು ಕೇಳುವವರು ಜನವರಿಯಲ್ಲಿ ಒಮ್ಮೆ ಇಲ್ಲಿ ನಿಂತು ನೋಡಬೇಕು.

ಒಂದೇ ಜಾಗವನ್ನು ಹೆಚ್ಚು ಹೆಚ್ಚು ತಿಳಿದಷ್ಟೂ ಅಲ್ಲಿ ಬರೆಯಲು ಹೆಚ್ಚು ಹೆಚ್ಚು ಸಿಗುತ್ತದೆ ಎಂಬ ಅರ್ಥದ ಮಾತನ್ನು ಅವರು ಹೇಳಿದ್ದರು. ಮನೆಯ ಹಿಂದಿನ ಹೊಲವನ್ನೂ ಮನೆಯ ಮುಂದಿನ ಕಡಲನ್ನೂ ಋತುವಿನಿಂದ ಋತುವಿಗೆ ಬರೆದವರ ಬಾಯಲ್ಲಿ ಆ ಮಾತಿಗೆ ತೂಕವಿದೆ.

ಗೆರೆಬಣ್ಣ

ಬಡಗಣಕಡಲು ಅವರ ವಿವರಣೆಯಿಂದ ಒಂದು ಹೋಲಿಕೆ ಸಾಧ್ಯವಾಗುತ್ತದೆ. ಬಣ್ಣಕ್ಕೆ ಮರಳು ಬೆರೆಸುವುದು ಅರ್ಡ್ಲಿ ಅವರ ಆವಿಷ್ಕಾರವೇನೂ ಅಲ್ಲ. ಪ್ಯಾರಿಸ್ಸಿನಲ್ಲಿ ಚಿತ್ರಕಾರ ಜಾರ್ಜ್ ಬ್ರಾಕ್ 1912ರಲ್ಲೇ ಬಣ್ಣಕ್ಕೆ ಮರಳು ಸೇರಿಸಿದ್ದರು. ಅದೇ ವರ್ಷ ಪಿಕಾಸೊ ಬೆತ್ತದ ಕುರ್ಚಿಯ ಹೆಣಿಗೆ ಅಚ್ಚಾದ ಮೇಣಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗ ಕಟ್ಟಿದ್ದರು. ಅವರ ಉದ್ದೇಶ ಬೇರೆಯಾಗಿತ್ತು. ಚಿತ್ರ ಎಂಬುದು ಕಿಟಕಿಯಲ್ಲ, ಅದೂ ಒಂದು ವಸ್ತು ಎಂದು ನೋಡುಗರಿಗೆ ನೆನಪಿಸುವುದು.

ಸಾಗರದ ಹೆಸರು ಹೊತ್ತ ಇನ್ನೊಂದು ಪ್ರಸಿದ್ಧ ಕೃತಿಯನ್ನು ನೋಡೋಣ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿರುವ, ಅಮೆರಿಕದ ಅಮೂರ್ತ ಚಿತ್ರಕಾರ ಜಾಕ್ಸನ್ ಪೊಲಾಕ್ ಅವರ 'ಫುಲ್ ಫ್ಯಾದಮ್ ಫೈವ್', 1947ರದು. ಹಸಿರು-ಕಪ್ಪು ಬಣ್ಣದ ಆ ದಟ್ಟ ಮೇಲ್ಮೈಯೊಳಗೆ ಮೊಳೆ, ಗುಂಡಿ, ಬೀಗದ ಕೈ, ನಾಣ್ಯ, ಸಿಗರೇಟು, ಬೆಂಕಿಕಡ್ಡಿ ಎಲ್ಲ ಇವೆ. ಹೆಸರು ಆಳವಾದ ಕಡಲಿನದು, ಆದರೆ ಒಳಗಿರುವ ಒಂದು ವಸ್ತುವೂ ಕಡಲಿನಿಂದ ಬಂದದ್ದಲ್ಲ. ಅವು ಜೇಬಿನಿಂದ ಮತ್ತು ಕೆಲಸದ ಕೋಣೆಯ ನೆಲದಿಂದ ಬಂದವು. ಇದು ಕುಂದು ಎಂದು ನಾನು ಹೇಳುತ್ತಿಲ್ಲ, ಅದು ಅದ್ಭುತವಾದ ಕೃತಿ. ಅಲ್ಲಿ ಕಡಲು ಒಂದು ಉಪಮೆ. ಅರ್ಡ್ಲಿ ಅವರಲ್ಲಿ ಕಡಲು ಸ್ಥಳ. ಎರಡರಲ್ಲೂ ಮೇಲ್ಮೈ ಒರಟಾಗಿದೆ, ಎರಡನ್ನೂ ಮಿಶ್ರ ಮಾಧ್ಯಮ ಎಂದು ಒಂದೇ ಖಾನೆಗೆ ಹಾಕಬಹುದು, ಆದರೆ ಒರಟುತನದ ಹುಟ್ಟು ಬೇರೆ ಬೇರೆ.

ಅದೇ ಕಾಲದಲ್ಲಿ ಬ್ರಿಟನ್ನಿನ ಇನ್ನೊಂದು ತುದಿಯಲ್ಲಿ, ಕಾರ್ನ್‌ವಾಲ್‌ನ ಸೇಂಟ್ ಐವ್ಸ್‌ನಲ್ಲಿ, ಪೀಟರ್ ಲ್ಯಾನ್ಯನ್ ಎಂಬುವರು ಕಡಲತೀರವನ್ನು ಅರ್ಡ್ಲಿ ಅವರಿಗಿಂತ ಹೆಚ್ಚು ಅಮೂರ್ತವಾಗಿ ಬರೆಯುತ್ತಿದ್ದರು. ಅವರು 1959ರಲ್ಲಿ ಗ್ಲೈಡರ್ ಹಾರಿಸಲು ಕಲಿತರು. ಮೇಲಿನಿಂದ ಕಂಡ ದಂಡೆ, ಮುಖಕ್ಕೆ ತಟ್ಟಿದ ಗಾಳಿ ಆಮೇಲಿನ ಚಿತ್ರಗಳಿಗೆ ಇಳಿದವು. 1964ರಲ್ಲಿ ಗ್ಲೈಡರ್ ಅಪಘಾತದ ಗಾಯಗಳಿಂದಲೇ ತೀರಿಕೊಂಡರು. ಲ್ಯಾನ್ಯನ್ ಅವರಿಗೆ ದೇಹ ಚಲಿಸಬೇಕಿತ್ತು, ಅರ್ಡ್ಲಿ ಅವರು ನಿಂತಲ್ಲೇ ನಿಂತರು. ಕಡಲನ್ನು ಅರಿಯುವ ಈ ಎರಡು ದಾರಿಗಳಲ್ಲಿ ಮರಳು ಎರಡನೆಯದಕ್ಕೆ ಸೇರಿದ್ದು.

ಸಂದೇಹಿ

ಚರ್ಚೆ ಚೆನ್ನಾಗಿ ಸಾಗುತ್ತಿದೆ, ಆದರೂ ಒಂದು ಆಕ್ಷೇಪವನ್ನು ಮುಂದಿಡದೆ ಇರಲಾರೆ. ಬಿರುಗಾಳಿ, ಹಗ್ಗ ಕಟ್ಟಿದ ಈಸಲು, ಕಾಯಿಲೆ, ಅಕಾಲ ಮರಣ, ಚಿತಾಭಸ್ಮ ದಂಡೆಗೆ ಎರಚಿದ್ದು: ಈ ಕಥೆ ಎಷ್ಟು ಚೆನ್ನಾಗಿದೆಯೆಂದರೆ ಚಿತ್ರವನ್ನು ನೋಡುವ ಮೊದಲೇ ನಾವು ಅದಕ್ಕೆ ತಲೆಬಾಗಿರುತ್ತೇವೆ. ಇದೇ ಹಲಗೆಯನ್ನು ಗ್ಲಾಸ್ಗೋದ ಬೆಚ್ಚಗಿನ ಕೋಣೆಯಲ್ಲಿ ಕುಳಿತು, ಅಂಗಡಿಯಿಂದ ಕೊಂಡ ಮರಳಿನಿಂದ ಮಾಡಿದ್ದರೆ ಮೇಲ್ಮೈ ಬೇರೆಯಾಗಿ ಕಾಣುತ್ತಿತ್ತೇ? ಕಾಣುತ್ತಿರಲಿಲ್ಲ ಎಂದಾದರೆ "ಸ್ಥಳ" ಎಂಬ ಗೆರೆಬಣ್ಣ ಅವರ ವಾದ ಚಿತ್ರದ ಬಗ್ಗೆ ಏನನ್ನೂ ಹೇಳುವುದಿಲ್ಲ, ಚಿತ್ರಕಾರರ ಜೀವನಚರಿತ್ರೆಯ ಬಗ್ಗೆ ಹೇಳುತ್ತದೆ. ಇಂದಿನ ಗ್ಯಾಲರಿಗಳೂ ಇದನ್ನೇ ಮಾಡುತ್ತವೆ. ಕಲಾವಿದರು ದಿನಾ ಬೆಳಗ್ಗೆ ಸಮುದ್ರಸ್ನಾನ ಮಾಡುತ್ತಾರೆ ಎಂಬ ವಾಕ್ಯ ಚಿತ್ರದ ಪಕ್ಕದ ಚೀಟಿಯಲ್ಲಿ ಇದ್ದೇ ಇರುತ್ತದೆ.

ಮಲ್ಪೆಯ ಕುಂಚ

ಸಂದೇಹಿ ಅವರೇ, ನಿಮ್ಮ ಆಕ್ಷೇಪಕ್ಕೆ ಅರ್ಧ ಒಪ್ಪಿಗೆ. ಕಾಯಿಲೆಯ ಕಥೆಯನ್ನು ಚಿತ್ರದೊಳಗೆ ಓದುವುದು ನನಗೂ ಹಿಡಿಸುವುದಿಲ್ಲ. ಕಡಲನ್ನು ಅವರು ಆರೋಗ್ಯವಾಗಿದ್ದಾಗಲೂ ಅಷ್ಟೇ ರಭಸದಿಂದ ಬರೆದಿದ್ದಾರೆ.

ಆದರೆ ಮೇಲ್ಮೈ ಬೇರೆಯಾಗಿ ಕಾಣುತ್ತಿರಲಿಲ್ಲ ಎಂಬುದನ್ನು ಒಪ್ಪಲಾರೆ. ಅಂಗಡಿಯ ಮರಳನ್ನು ಕೋಣೆಯಲ್ಲಿ ಬಳಸುವವರು ಅದನ್ನು ಎಲ್ಲಿ ಬೇಕೋ ಅಲ್ಲಿಗೆ ಹಾಕುತ್ತಾರೆ. ದಂಡೆಯ ಜಾಗಕ್ಕೆ ಮರಳು, ನೀರಿನ ಜಾಗಕ್ಕೆ ನುಣುಪು. ಅಂದರೆ ಮರಳು ಮರಳನ್ನೇ ಸೂಚಿಸುತ್ತದೆ, ಶಾಲೆಯ ಮಕ್ಕಳ ಭಾರತ ಭೂಪಟದಲ್ಲಿ ರಾಜಸ್ಥಾನಕ್ಕೆ ಮರಳು ಅಂಟಿಸಿದಂತೆ. ಬಡಗಣಕಡಲು ಅವರು ನೋಡಿದ ಹಲಗೆಯಲ್ಲಿ ಗರಸು ಬಣ್ಣದೊಡನೆಯೇ ಬಳಿಯಲ್ಪಟ್ಟಿದೆ. ಎಣ್ಣೆ ಕುಡಿದು ಬಣ್ಣವನ್ನು ಗಟ್ಟಿಮಾಡುವುದು, ಕುಂಚದ ಓಟಕ್ಕೆ ತಡೆ ಒಡ್ಡುವುದು ಗರಸು ಅಲ್ಲಿ ಮಾಡಿರುವ ಕೆಲಸ. ಗರಸುಬಣ್ಣದಲ್ಲಿ ನೀಳವಾದ, ನಯವಾದ ಗೆರೆ ಎಳೆಯಲು ಬರುವುದಿಲ್ಲ. ಕೈ ಎಳೆದಷ್ಟು ಹರಿಯದೆ ಗೆರೆ ತುಂಡು ತುಂಡಾಗುತ್ತದೆ, ಆಗ ಇಡೀ ತೋಳಿನ ಬಲ ಹಾಕಬೇಕಾಗುತ್ತದೆ, ಆ ಬಲ ಚಿತ್ರದಲ್ಲಿ ಕಾಣುತ್ತದೆ.

ಇನ್ನೊಂದು ಸಂಗತಿ. ಯುದ್ಧಕಾಲದಲ್ಲಿ ಅರ್ಡ್ಲಿ ಅವರು ಶಿಕ್ಷಕ ತರಬೇತಿಗೆ ಸೇರಿ, ಅದನ್ನು ಬಿಟ್ಟು, ಬಡಗಿಯ ಕೆಲಸ ಕಲಿಯಲು ಹೋದವರು. ಹಲಗೆ, ಮೊಳೆ, ಗರಗಸ ಅವರಿಗೆ ಹೊಸತಾಗಿರಲಿಲ್ಲ. ದೋಣಿಗೆ ಬಳಿಯುವ ಬಣ್ಣವನ್ನೂ ಚಿತ್ರಕ್ಕೆ ಬಳಸಿದ್ದಾರೆ ಎಂಬುದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಬಂದರಿನಲ್ಲಿ ಬದುಕುವವರ ಕೈಗೆ ಸಿಗುವುದು ಅದೇ, ನಮ್ಮಲ್ಲೂ ಬೋಟಿನ ಪೈಂಟಿನ ಡಬ್ಬಿ ಚಿತ್ರಕಾರರ ಮನೆ ಸೇರುವುದು ಅಪರೂಪವಲ್ಲ.

ಗೆರೆಬಣ್ಣ

ಮಲ್ಪೆಯವರು ಹೇಳಿದ್ದಕ್ಕೆ ಗ್ಲಾಸ್ಗೋ ಕಡೆಯ ಸಾಕ್ಷ್ಯವನ್ನು ಸೇರಿಸುತ್ತೇನೆ, ಏಕೆಂದರೆ ಸಂದೇಹಿ ಅವರ ಪ್ರಶ್ನೆಗೆ ನಿಜವಾದ ಉತ್ತರ ಕಡಲಿನ ಚಿತ್ರಗಳಲ್ಲಿ ಇಲ್ಲ, ಕೇರಿಯ ಚಿತ್ರಗಳಲ್ಲಿದೆ. ಟೌನ್‌ಹೆಡ್‌ನ ಮಕ್ಕಳನ್ನು ಬರೆದ ಕೊನೆಯ ವರ್ಷಗಳ ಕೃತಿಗಳಲ್ಲಿ ಅರ್ಡ್ಲಿ ಅವರು ವೃತ್ತಪತ್ರಿಕೆಯ ಚೂರುಗಳನ್ನೂ ಲೋಹದ ಹಾಳೆಯನ್ನೂ ಅಂಟಿಸಿದ್ದಾರೆ. 1962-63ರ 'ಚಿಲ್ಡ್ರನ್ ಅಂಡ್ ಚಾಕ್ಡ್ ವಾಲ್' ಸರಣಿಯಲ್ಲಿ ಸೀಮೆಸುಣ್ಣದಿಂದ ಗೀಚಿದ ಗೋಡೆಯ ಮುಂದೆ ಮಕ್ಕಳು ನಿಂತಿದ್ದಾರೆ. ಅವರು ತೀರಿಕೊಂಡಾಗ ಅಪೂರ್ಣವಾಗಿ ಉಳಿದ 'ಟೂ ಚಿಲ್ಡ್ರನ್' ಚಿತ್ರದಲ್ಲಿ ಮಿಠಾಯಿಯ ಹೊದಿಕೆ ಕಾಗದಗಳಿವೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೇರಿಯ ಚಿತ್ರಕ್ಕೆ ಮರಳು ಬಂದಿಲ್ಲ, ಕಡಲಿನ ಚಿತ್ರಕ್ಕೆ ಮಿಠಾಯಿ ಕಾಗದ ಬಂದಿಲ್ಲ. ಒರಟು ಮೇಲ್ಮೈಯಷ್ಟೇ ಬೇಕಾಗಿದ್ದ ಕಲಾವಿದರು ಒಂದೇ ವಿಧಾನವನ್ನು ಎಲ್ಲ ವಸ್ತುವಿಗೂ ಬಳಸುತ್ತಾರೆ, ಅದು ಅವರ ಗುರುತಿನ ಮುದ್ರೆಯಾಗುತ್ತದೆ, ಮಾರುಕಟ್ಟೆಗೂ ಅದೇ ಅನುಕೂಲ. ಇಲ್ಲಿ ಹಾಗಾಗಿಲ್ಲ. ಎಲ್ಲಿ ನಿಂತರೋ ಅಲ್ಲಿ ಕಾಲಿಗೆ ಸಿಕ್ಕಿದ್ದು ಚಿತ್ರಕ್ಕೆ ಬಂದಿದೆ. ಇದು ಜೀವನಚರಿತ್ರೆಯಿಂದ ತೆಗೆದ ವಾದವಲ್ಲ, ಕೃತಿಗಳನ್ನು ನೋಡಿಯೇ ಹೇಳಬಹುದಾದ ಮಾತು.

ಸಂದೇಹಿ

ಗೆರೆಬಣ್ಣ ಅವರ ಕೊನೆಯ ವಾದ ಬಲವಾಗಿದೆ. ಕೇರಿ ಮತ್ತು ಕಡಲಿನ ವ್ಯತ್ಯಾಸದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದು ಅರ್ಡ್ಲಿ ಅವರಿಗೆ ಸಲ್ಲುವ ಸಮರ್ಥನೆ. ಚಿಪ್ಪು ಅಂಟಿಸುವ ಎಲ್ಲರೂ ಅದರ ನೆರಳಿನಲ್ಲಿ ನಿಲ್ಲುವಂತಿಲ್ಲ ಎಂಬುದನ್ನು ಮಾತ್ರ ಸೇರಿಸುತ್ತೇನೆ.

ಶಿರ್ವದ ಓದುಗ

ಮಧ್ಯೆ ಬಂದದ್ದಕ್ಕೆ ಕ್ಷಮೆಯಿರಲಿ. ನಮ್ಮ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರೂ ಕರಾವಳಿಯಿಂದ ಬಂದವರಲ್ಲವೇ? ಅವರ ಕೆಲಸವನ್ನು ಈ ದೃಷ್ಟಿಯಿಂದ ನೋಡಬಹುದೇ?

ಗೆರೆಬಣ್ಣ

ನೋಡಬಹುದು, ಆದರೆ ಹೆಚ್ಚು ಫಲ ಸಿಗದು. 1911ರಲ್ಲಿ ಉಡುಪಿಯ ಬಳಿ ಹುಟ್ಟಿದ ಹೆಬ್ಬಾರರು ಮುಂಬಯಿಯಲ್ಲಿ ನೆಲೆನಿಂತು ಕೆಲಸ ಮಾಡಿದವರು. ಅವರ ಶಕ್ತಿ ರೇಖೆಯಲ್ಲಿದೆ. ಸಂಗೀತ, ನೃತ್ಯಗಳ ಲಯವನ್ನು ಒಂದೇ ಎಳೆತದಲ್ಲಿ ಹಿಡಿಯುವ ರೇಖೆ ಅದು. ಊರಿನ ನೆನಪು ಅವರಲ್ಲಿ ವಸ್ತುವಾಗಿ ಬರುತ್ತದೆ, ಊರಿನ ಮಣ್ಣು ಮಾಧ್ಯಮವಾಗಿ ಬರುವುದಿಲ್ಲ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ಅವರ ಕೃತಿಗಳಿವೆ, ಹೋದಾಗ ನೋಡಿ.

ಹಳೆಚೌಕಟ್ಟು

ಚಿತ್ರಗಳ ಸಂರಕ್ಷಣೆ ನನ್ನ ವೃತ್ತಿ. ಇಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆಯನ್ನು ನಾನು ಕೇಳುತ್ತೇನೆ. ಇಂತಹ ಹಲಗೆಗಳು ಅರವತ್ತು ವರ್ಷಗಳ ಮೇಲೂ ಹೇಗೆ ಉಳಿಯುತ್ತವೆ, ಅಥವಾ ಏಕೆ ಉಳಿಯುವುದಿಲ್ಲ?

ಎಣ್ಣೆಬಣ್ಣ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಹೀಗಾಗಿ ದಪ್ಪನೆಯ ಪದರದಲ್ಲಿ ಮೇಲ್ಭಾಗ ಮೊದಲು ಚರ್ಮ ಕಟ್ಟುತ್ತದೆ, ಒಳಭಾಗ ವರ್ಷಗಟ್ಟಲೆ ಮೆತ್ತಗೆ ಉಳಿಯಬಹುದು. ಅಂತಹ ಮೆತ್ತನೆಯ ಪದರದ ಮೇಲೆ ದೋಣಿಬಣ್ಣ, ಮನೆಯ ಕಿಟಕಿಗೆ ಬಳಿಯುವ ಎನಾಮೆಲ್ ಮುಂತಾದ ಬೇಗ ಒಣಗಿ ಗಡುಸಾಗುವ ಬಣ್ಣ ಬಳಿದರೆ ಮೇಲಿನದು ಬಿರುಕು ಬಿಡುತ್ತದೆ. ಕೆಳಗಿನ ಪದರಗಳಲ್ಲಿ ಎಣ್ಣೆ ಕಡಿಮೆ, ಮೇಲಿನವುಗಳಲ್ಲಿ ಹೆಚ್ಚು ಎಂಬ ಹಳೆಯ ನಿಯಮ ಇರುವುದೇ ಇದಕ್ಕಾಗಿ. ಬಿರುಗಾಳಿಯಲ್ಲಿ ನಿಂತವರು ಆ ನಿಯಮವನ್ನು ನೆನಪಿಟ್ಟುಕೊಳ್ಳುವುದು ಕಷ್ಟ.

ಮರಳು ಎಣ್ಣೆಯನ್ನು ಹೀರುತ್ತದೆ ಎಂದು ಮಲ್ಪೆಯವರು ಸರಿಯಾಗಿ ಹೇಳಿದರು. ಅದರ ಇನ್ನೊಂದು ಮುಖವೆಂದರೆ ಬಣ್ಣವನ್ನು ಹಿಡಿದಿಡಬೇಕಾದ ಎಣ್ಣೆ ಕಡಿಮೆಯಾಗಿ ಕಾಲಾಂತರದಲ್ಲಿ ಕಾಳುಗಳು ಉದುರುತ್ತವೆ. ಹುಲ್ಲು ಇನ್ನೂ ನಾಜೂಕು. ಒಣಗಿ ಕಂದಾಗುತ್ತದೆ, ಮುಟ್ಟಿದರೆ ಮುರಿಯುತ್ತದೆ, ಬೀಜ ಹುಳುಗಳನ್ನು ಕರೆಯುತ್ತದೆ. ಇಂತಹ ಚಿತ್ರದ ಧೂಳನ್ನು ಬಟ್ಟೆಯಿಂದ ಒರೆಸುವಂತಿಲ್ಲ. ಮೆತ್ತನೆಯ ಕುಂಚದಿಂದ ಧೂಳನ್ನು ಎಬ್ಬಿಸಿ, ಬಾಯಿಗೆ ಜಾಲರಿ ಕಟ್ಟಿದ, ಕಡಿಮೆ ಸೆಳೆತದ ವ್ಯಾಕ್ಯೂಮ್‌ನಿಂದ ದೂರದಿಂದಲೇ ತೆಗೆಯಬೇಕು. ಜಾಲರಿ ಏಕೆಂದರೆ, ಕಿತ್ತುಬಂದ ಚೂರು ಅದರಲ್ಲಿ ಸಿಕ್ಕಿ ಉಳಿಯುತ್ತದೆ, ಅದನ್ನು ಮತ್ತೆ ಸ್ವಸ್ಥಾನದಲ್ಲಿ ಅಂಟಿಸಬಹುದು.

ಮಲ್ಪೆಯ ಕುಂಚ

ಹಳೆಚೌಕಟ್ಟು ಸರ್, ನಿಮ್ಮ ಬರಹ ಓದಿ ನನ್ನ ಗೋಡೆಗೆ ಒರಗಿಸಿಟ್ಟ ಹಲಗೆಗಳನ್ನು ಗಾಬರಿಯಿಂದ ನೋಡಿದೆ. ಸ್ಕಾಟ್ಲೆಂಡಿನ ಚಳಿಯ ಗ್ಯಾಲರಿಯಲ್ಲೇ ಇಷ್ಟು ಕಷ್ಟವೆಂದರೆ, ನಾಲ್ಕು ತಿಂಗಳು ಮಳೆ ಹಿಡಿದು, ಚರ್ಮದ ಚಪ್ಪಲಿಗೂ ಬೂಷ್ಟು ಬರುವ ನಮ್ಮ ಕಡೆ ಏನು ಮಾಡಬೇಕು? ನಾನು ಹಾರ್ಡ್‌ಬೋರ್ಡ್ ಮೇಲೆ ಎಣ್ಣೆಬಣ್ಣ ಮತ್ತು ಅಕ್ರಿಲಿಕ್ ಎರಡನ್ನೂ ಬಳಸುತ್ತೇನೆ, ದಂಡೆಯ ಮರಳನ್ನೇ ಸೇರಿಸುತ್ತೇನೆ. ಕೆಲವು ಹಲಗೆಗಳು ಮಳೆಗಾಲದಲ್ಲಿ ಬೆವರಿದಂತೆ ಒದ್ದೆಯಾಗುತ್ತವೆ, ಬೇಸಿಗೆಯಲ್ಲಿ ಅವುಗಳ ಮೇಲೆ ಬಿಳಿ ಪುಡಿ ಕಾಣುತ್ತದೆ.

ಹಳೆಚೌಕಟ್ಟು

ಬಿಳಿ ಪುಡಿ ಎಂದಾಕ್ಷಣ ಕಾರಣ ಬಹುಮಟ್ಟಿಗೆ ತಿಳಿಯಿತು. ಮರಳಿನೊಂದಿಗೆ ಉಪ್ಪು ಬಂದಿದೆ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಅಡುಗೆ ಉಪ್ಪು ತೇವವನ್ನು ಹೀರಿ ತಾನೇ ಕರಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ತೇವಾಂಶ ಅದಕ್ಕಿಂತ ಮೇಲೆಯೇ ಇರುತ್ತದೆ. ಬೇಸಿಗೆಯಲ್ಲಿ ಅದೇ ಉಪ್ಪು ಮತ್ತೆ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಬಣ್ಣದ ಪದರವನ್ನು ಒಳಗಿನಿಂದ ಎತ್ತುತ್ತದೆ. ವರ್ಷಕ್ಕೊಮ್ಮೆ ಹೀಗಾದರೆ ಎಷ್ಟು ಗಟ್ಟಿಯಾದ ಬಣ್ಣವೂ ತಾಳದು.

ಆದ್ದರಿಂದ ಮರಳನ್ನು ಬಳಸುವ ಮೊದಲು ಸಿಹಿನೀರಿನಲ್ಲಿ ಹಲವು ಸಲ ತೊಳೆಯಿರಿ. ಬಕೆಟಿನಲ್ಲಿ ಕಲಕಿ, ಮೇಲಿನ ನೀರು ಚೆಲ್ಲಿ, ಮತ್ತೆ ಹೊಸ ನೀರು. ಒಂದು ಹನಿಯನ್ನು ಗಾಜಿನ ಮೇಲೆ ಒಣಗಿಸಿ ನೋಡಿ, ಬಿಳಿ ಕಲೆ ಎದ್ದು ಕಾಣುತ್ತಿದ್ದರೆ ಇನ್ನೂ ತೊಳೆಯಬೇಕು. ನಲ್ಲಿ ನೀರೇ ಗಡುಸಾಗಿದ್ದರೆ ಕೊನೆಯ ಸಲಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ, ಇಲ್ಲದಿದ್ದರೆ ಹನಿಯ ಪರೀಕ್ಷೆ ದಾರಿ ತಪ್ಪಿಸುತ್ತದೆ. ಆಮೇಲೆ ಬಾಣಲೆಯಲ್ಲಿ ಹುರಿದು ಒಣಗಿಸಿದರೆ ಮರಳಿನಲ್ಲಿರುವ ಜೀವಾಂಶವೂ ಹೋಗುತ್ತದೆ.

ಎಣ್ಣೆ ಮತ್ತು ಅಕ್ರಿಲಿಕ್ ಎರಡನ್ನೂ ಬಳಸುವುದಾದರೆ ಅಕ್ರಿಲಿಕ್ ಕೆಳಗಿರಲಿ, ಎಣ್ಣೆ ಮೇಲಿರಲಿ. ಎಣ್ಣೆಯ ಮೇಲೆ ಅಕ್ರಿಲಿಕ್ ಹಿಡಿಯುವುದಿಲ್ಲ, ಹಾಳೆಯಂತೆ ಏಳುತ್ತದೆ. ನಿಮ್ಮ ಸಂದರ್ಭದಲ್ಲಿ ಮರಳನ್ನು ಅಕ್ರಿಲಿಕ್ ಮೀಡಿಯಮ್‌ನಲ್ಲೇ (ಬಣ್ಣ ಬೆರೆಸದ ಅಕ್ರಿಲಿಕ್ ದ್ರವ) ಕಲಸಿ ಮೊದಲ ಪದರವಾಗಿ ಬಳಿದು, ಪೂರ್ತಿ ಒಣಗಿದ ಮೇಲೆ ಎಣ್ಣೆಬಣ್ಣಕ್ಕೆ ಹೋಗುವುದು ಕ್ಷೇಮ. ಹಾರ್ಡ್‌ಬೋರ್ಡ್ ತೇವ ಹೀರುವುದು ಹೆಚ್ಚಾಗಿ ಕತ್ತರಿಸಿದ ಅಂಚುಗಳಿಂದ ಮತ್ತು ಹಿಂಭಾಗದಿಂದ. ಆದ್ದರಿಂದ ಮುಂಭಾಗಕ್ಕೆ ಹಾಕಿದಷ್ಟೇ ಕಾಳಜಿಯಿಂದ ಅಂಚಿಗೂ ಹಿಂಭಾಗಕ್ಕೂ ಪ್ರೈಮರ್ ಬಳಿಯಿರಿ. ಬಜೆಟ್ ಇದ್ದರೆ ಮರೈನ್ ಪ್ಲೈವುಡ್ ಉತ್ತಮ. ಚಿತ್ರವನ್ನು ಗೋಡೆಗೆ ಒತ್ತಿ ನೇತುಹಾಕಬೇಡಿ, ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಕಾರ್ಕ್ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ.

ಮಲ್ಪೆಯ ಕುಂಚ

ತುಂಬ ಉಪಕಾರವಾಯಿತು ಸರ್. ಆದರೆ ಒಂದು ಸಂಕಟ. ಮರಳನ್ನು ಮೊದಲೇ ತೊಳೆದು, ಹುರಿದು, ಮನೆಯಲ್ಲೇ ಕಲಸಿ ಬಳಿದರೆ, ಇಲ್ಲಿಯವರೆಗೆ ನಾನು ವಾದಿಸಿದ ಸ್ಥಳದ ಮಾತು ಏನಾಯಿತು ಎಂದು ಸಂದೇಹಿ ಅವರು ಕೇಳದೆ ಬಿಡುವುದಿಲ್ಲ.

ಸಂದೇಹಿ

ಕೇಳಬೇಕೆಂದೇ ಇದ್ದೆ. ಆದರೆ ಪ್ರಾಮಾಣಿಕವಾಗಿ ಹೇಳುವುದಾದರೆ, ನನಗೆ ಉತ್ತರ ಆಗಲೇ ಕಾಣುತ್ತಿದೆ. ತೊಳೆದರೂ ಅದು ಅದೇ ದಂಡೆಯ ಮರಳು, ಅದರ ಬಣ್ಣವೂ ಕಾಳಿನ ಗಾತ್ರವೂ ಅಲ್ಲಿಯದೇ. ಒರಟು ತಳದ ಮೇಲೆ ದಂಡೆಯಲ್ಲಿ ನಿಂತು ಎಣ್ಣೆಬಣ್ಣ ಎಳೆದರೆ ಕುಂಚಕ್ಕೆ ತಡೆಯೂ ಸಿಗುತ್ತದೆ, ನೀವೇ ವಿವರಿಸಿದ ಆ ಬಲವೂ ಉಳಿಯುತ್ತದೆ. ಕಳೆದುಹೋಗುವುದು ಗಾಳಿ ತಾನಾಗಿ ತಂದು ಹಾಕುವ ಮರಳು ಮಾತ್ರ.

ಬಡಗಣಕಡಲು

ಗಾಳಿ ತಂದದ್ದನ್ನು ಯಾರು ತಡೆಯುತ್ತಾರೆ, ಅದು ಹೇಗೂ ಬಂದೇ ಬರುತ್ತದೆ.

ನೋಡಲು ಬಯಸುವವರಿಗಾಗಿ: ಅರ್ಡ್ಲಿ ಅವರ ಕೃತಿಗಳ ದೊಡ್ಡ ಸಂಗ್ರಹ ಎಡಿನ್‌ಬರ್ಗ್‌ನ ರಾಷ್ಟ್ರೀಯ ಗ್ಯಾಲರಿಗಳಲ್ಲಿದೆ. ಗ್ಲಾಸ್ಗೋ ವಸ್ತುಸಂಗ್ರಹಾಲಯಗಳಲ್ಲಿ ಮತ್ತು ಅಬರ್ಡೀನ್ ಆರ್ಟ್ ಗ್ಯಾಲರಿಯಲ್ಲೂ ಇವೆ. ಎಲ್ಲವನ್ನೂ ಸದಾ ಗೋಡೆಗೆ ಹಾಕಿರುವುದಿಲ್ಲ, ಹೋಗುವ ಮೊದಲು ವಿಚಾರಿಸಿಕೊಳ್ಳಿ. ಮಲ್ಪೆಯವರು ಹೊಸ ವಿಧಾನದಲ್ಲಿ ಮಾಡಿದ ಹಲಗೆಯ ಚಿತ್ರವನ್ನು ದಯವಿಟ್ಟು ಹಾಕಬೇಕು, ಮುಂದಿನಿಂದ ತೆಗೆದದ್ದು ಮಾತ್ರವಲ್ಲ, ಪಕ್ಕದಿಂದ ಓರೆ ಬೆಳಕಿನಲ್ಲಿ ತೆಗೆದದ್ದೂ ಬೇಕು.

ಮಲ್ಪೆಯ ಕುಂಚ

ಖಂಡಿತ ಹಾಕುತ್ತೇನೆ. ಮಳೆ ಹಿಡಿಯುವ ಮೊದಲು ಮರಳು ತಂದು ತೊಳೆದಿಡಬೇಕು. ಹುಲ್ಲನ್ನು ಮಾತ್ರ ಸದ್ಯಕ್ಕೆ ಕೈಬಿಟ್ಟಿದ್ದೇನೆ, ನಮ್ಮ ಮನೆಯ ಹುಳುಗಳಿಗೆ ಅದು ಹಬ್ಬದೂಟವಾದೀತು.